‘ಸೈನ್ಸ್ ಕೊಡ್ತೀರಾ?’: ಎಸ್‌ಎಸ್‌ಎಲ್‌ಸಿ ನಂತರದ ಆಯ್ಕೆಯನ್ನು ಕುರಿತು



ಈ ಉಪನ್ಯಾಸದ ದತ್ತಿಯನ್ನು ಇಟ್ಟವರು ಪ್ರೌಢಶಾಲೆಯ ಮೇಷ್ಟ್ರಾಗಿದ್ದವರು. ವರ್ಷಕ್ಕೊಮ್ಮೆ ಶಿಕ್ಷಣದ ಒಂದು ವಿಷಯದ ಬಗ್ಗೆ ಮಾತು ನಡೆಯಬೇಕು, ಅದು ಪಂಡಿತರಿಗಷ್ಟೇ ಅಲ್ಲದೆ ಪೋಷಕರಿಗೂ ತಿಳಿಯುವಂತಿರಬೇಕು ಎಂಬುದು ಅವರ ಷರತ್ತು. ಆ ಷರತ್ತಿಗೆ ಹೊಂದುವ ವಿಷಯವನ್ನೇ ಆರಿಸಿಕೊಂಡಿದ್ದೇನೆ. ಹತ್ತನೇ ತರಗತಿ ಮುಗಿಸಿದ ಮಗುವನ್ನು ಯಾವ ಕಡೆ ಕಳಿಸಬೇಕು? ಸೈನ್ಸೋ, ಕಾಮರ್ಸೋ, ಆರ್ಟ್ಸೋ, ಡಿಪ್ಲೊಮಾವೋ, ಐಟಿಐಯೋ? ಫಲಿತಾಂಶ ಬಂದ ವಾರ ಹತ್ತು ದಿನಗಳಲ್ಲಿ ಲಕ್ಷಾಂತರ ಮನೆಗಳಲ್ಲಿ ಈ ಪ್ರಶ್ನೆ ತೀರ್ಮಾನವಾಗಿಬಿಡುತ್ತದೆ. ಅಷ್ಟು ಬೇಗ ತೀರ್ಮಾನವಾಗುವುದರಿಂದಲೇ ಇದರ ಬಗ್ಗೆ ನಿಧಾನವಾಗಿ ಯೋಚಿಸುವ ಅಗತ್ಯವಿದೆ.

೧. ಅಂಕದ ಏಣಿ

ಎಸ್‌ಎಸ್‌ಎಲ್‌ಸಿಯ ಒಟ್ಟು ಅಂಕ 625. ಐನೂರೈವತ್ತು ದಾಟಿದ ಮಗುವನ್ನು ‘ಯಾವ ವಿಷಯ ಇಷ್ಟ?’ ಎಂದು ಯಾರೂ ಕೇಳುವುದಿಲ್ಲ. ಸೈನ್ಸಿನ ಪಿಸಿಎಂಬಿ ಅಥವಾ ಪಿಸಿಎಂಸಿ ಎಂದು ಬರೆದುಕೊಳ್ಳುತ್ತಾರೆ. ಅದಕ್ಕಿಂತ ಕೊಂಚ ಕೆಳಗಿದ್ದರೆ ಕಾಮರ್ಸ್, ಇನ್ನೂ ಕೆಳಗಿದ್ದರೆ ಆರ್ಟ್ಸ್, ಹೇಗೋ ಪಾಸಾದವನಿಗೆ ಐಟಿಐ. ಯಾವ ಸರ್ಕಾರಿ ಆದೇಶದಲ್ಲೂ ಹೀಗೆ ಬರೆದಿಲ್ಲ. ಆದರೂ ಊರಿಗೆಲ್ಲ ಗೊತ್ತಿರುವ ನಿಯಮ ಇದು. ಗಣಿತದಲ್ಲಿ ನೂರಕ್ಕೆ ನೂರು ತೆಗೆದ ಹುಡುಗಿ ಇತಿಹಾಸ ಓದುತ್ತೇನೆ ಎಂದರೆ ಮನೆಯವರು ಗಾಬರಿಯಾಗುತ್ತಾರೆ. ಮೋಟಾರು ಬಿಚ್ಚಿ ಕೂಡಿಸುವುದರಲ್ಲೇ ಸಂಜೆ ಕಳೆಯುವ ಹುಡುಗನಿಗೆ ಒಳ್ಳೆಯ ಅಂಕ ಬಂದರೆ ಅವನು ವರ್ಕ್‌ಶಾಪಿನ ಕಡೆ ಸುಳಿಯುವ ಹಾಗಿಲ್ಲ.

ಇದಕ್ಕೆ ಪೋಷಕರ ವ್ಯಾಮೋಹವೇ ಕಾರಣ ಎಂದು ಬೈಯುವುದು ನಮ್ಮ ವೇದಿಕೆಗಳ ವಾಡಿಕೆ. ನಾನು ಆ ವಾಡಿಕೆಯನ್ನು ಇವತ್ತು ಮುರಿಯುತ್ತೇನೆ. ಪೋಷಕರ ಲೆಕ್ಕ ಸರಿಯಾಗಿಯೇ ಇದೆ, ಆ ಲೆಕ್ಕ ಹಾಕುವಂತೆ ಅವರನ್ನು ದೂಡಿದ ವ್ಯವಸ್ಥೆ ತಪ್ಪಾಗಿದೆ ಎಂಬುದು ನನ್ನ ವಾದ.

೨. ಪೋಷಕರ ಲೆಕ್ಕ

ದಾಖಲಾತಿಯ ದಿನಗಳಲ್ಲಿ ಕಾಲೇಜಿನ ಮೇಜಿನ ಈಚೆ ಕೂತವರೆಲ್ಲ ಈ ಮಾತು ಕೇಳಿರುತ್ತಾರೆ.

‘ಸರ್, ನಮ್ಮ ಹುಡುಗಂಗೆ ಸೈನ್ಸ್ ಕೊಡ್ತೀರಾ?’

‘ಹುಡುಗನಿಗೆ ಏನು ಇಷ್ಟ ಅಂತ ಕೇಳಿದಿರಾ, ಯಜಮಾನರೇ?’

‘ಅವನಿಗೇನು ಗೊತ್ತಾಗುತ್ತೆ ಸರ್? ಸೈನ್ಸ್ ತಗೊಂಡ್ರೆ ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗಬಹುದಂತಲ್ಲ. ಆರ್ಟ್ಸ್ ತಗೊಂಡ್ರೆ ವಾಪಸ್ ಬರೋಕಾಗಲ್ಲ.’

ಈ ಮನುಷ್ಯ ಎಂಟನೇ ತರಗತಿಗೆ ಶಾಲೆ ಬಿಟ್ಟವರಿರಬಹುದು. ಆದರೆ ನಮ್ಮ ಶಿಕ್ಷಣ ವ್ಯವಸ್ಥೆಯ ಒಳಗುಟ್ಟನ್ನು ಎರಡು ವಾಕ್ಯದಲ್ಲಿ ಹೇಳಿಬಿಟ್ಟರು. ಪಿಯುಸಿ ಸೈನ್ಸ್ ಮುಗಿಸಿದವನು ಬಿ.ಕಾಂ. ಸೇರಬಹುದು, ಬಿ.ಎ. ಸೇರಬಹುದು, ಐದು ವರ್ಷದ ಕಾನೂನು ಪದವಿ ಸೇರಬಹುದು, ಡಿಪ್ಲೊಮಾದ ಎರಡನೇ ವರ್ಷಕ್ಕೂ ಹೋಗಬಹುದು. ಕಾಮರ್ಸ್ ಓದಿದವಳು ಬಿ.ಎಸ್ಸಿ.ಗೆ ಬರುವುದು ಕಷ್ಟ, ಎಂಜಿನಿಯರಿಂಗಿಗೆ ಆಗುವುದೇ ಇಲ್ಲ. ಆರ್ಟ್ಸ್‌ನವರಿಗೆ ಇನ್ನೂ ಕಡಿಮೆ. ಹದಿನಾರು ವರ್ಷದ ಮಗುವಿನ ಮನಸ್ಸು ಮುಂದೆ ಯಾವ ಕಡೆ ತಿರುಗುತ್ತದೋ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದಾಗ ಹೆಚ್ಚು ದಾರಿ ಉಳಿಸಿಕೊಡುವುದನ್ನೇ ಹಿಡಿಯುವುದು ಜಾಣತನ. ಸೈನ್ಸ್ ಅವರ ಪಾಲಿಗೆ ಒಂದು ವಿಮಾ ಪಾಲಿಸಿ.

ತೊಂದರೆ ಇರುವುದು ಪಾಲಿಸಿಯ ಕಂತಿನಲ್ಲಿ. ಪಾಲಿಸಿ ಮಾಡಿಸುವವರು ತಂದೆ ತಾಯಿ, ಕಂತು ಕಟ್ಟುವುದು ಮಗು. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ವಿಜ್ಞಾನ ಓದಿದ ಹುಡುಗಿ ಜೂನ್ ತಿಂಗಳಲ್ಲಿ ಒಮ್ಮೆಗೇ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ನಾಲ್ಕನ್ನೂ ಇಂಗ್ಲಿಷಿನಲ್ಲಿ ಎದುರಿಸಬೇಕು. ಆಕೆಗೆ ನ್ಯೂಟನ್ನನ ನಿಯಮ ಗೊತ್ತು, ಅದನ್ನು ಹೇಳುವ ವಾಕ್ಯ ಗೊತ್ತಿಲ್ಲ. ದ್ವಿತೀಯ ಪಿಯುಸಿಯಲ್ಲಿ ಎರಡು ವಿಷಯ ಉಳಿಸಿಕೊಂಡ ಹುಡುಗ ಕೊನೆಗೆ ತನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನೇ ಮತ್ತೆ ಹಿಡಿದು ಡಿಪ್ಲೊಮಾದ ಮೊದಲ ವರ್ಷಕ್ಕೆ ಸೇರುವುದನ್ನು ನಾವೆಲ್ಲ ನೋಡಿದ್ದೇವೆ. ಎರಡು ವರ್ಷ ಹೋಯಿತು. ಅದಕ್ಕಿಂತ ದೊಡ್ಡ ನಷ್ಟವೆಂದರೆ ‘ನನ್ನ ಕೈಲಾಗಲ್ಲ’ ಎಂಬ ತೀರ್ಮಾನ ಅವನ ಮನಸ್ಸಿನಲ್ಲಿ ಕೂತುಬಿಟ್ಟಿತು.

೩. ಆಯೋಗಗಳು ಕಟ್ಟಿದ ಎರಡನೇ ದಾರಿ

ಪುಸ್ತಕದ ಓದಿಗೆ ಪರ್ಯಾಯವಾಗಿ ಇನ್ನೊಂದು ದಾರಿ ಬೇಕು ಎಂಬ ಮಾತು ಹೊಸದಲ್ಲ. 1882ರ ಹಂಟರ್ ಆಯೋಗ ಹೈಸ್ಕೂಲಿನ ಮೇಲಿನ ತರಗತಿಗಳನ್ನು ಎರಡು ಮಾಡಲು ಹೇಳಿತು. ಒಂದು ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ, ಇನ್ನೊಂದು ವ್ಯಾಪಾರ ಮತ್ತಿತರ ಉದ್ಯೋಗಗಳಿಗೆ. ಎರಡನೆಯದಕ್ಕೆ ಹೆಚ್ಚು ಜನ ಬರಲಿಲ್ಲ. ಸರ್ಕಾರಿ ನೌಕರಿಯೂ ಪದವಿಯೂ ಮೊದಲನೆಯದರ ತುದಿಯಲ್ಲಿದ್ದಾಗ ಎರಡನೆಯದಕ್ಕೆ ಯಾರು ಹೋಗುತ್ತಾರೆ?

ಸ್ವಾತಂತ್ರ್ಯ ಬಂದ ಮೇಲೆ 1952–53ರ ಮುದಲಿಯಾರ್ ಆಯೋಗ ಬಹೂದ್ದೇಶ ಶಾಲೆಗಳನ್ನು ಸೂಚಿಸಿತು. ಮಾನವಿಕ, ವಿಜ್ಞಾನ, ತಾಂತ್ರಿಕ, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನ ಎಂಬ ಏಳು ಗುಂಪುಗಳು ಒಂದೇ ಸೂರಿನಡಿ ಇರಬೇಕೆಂಬುದು ಸೊಗಸಾದ ಕಲ್ಪನೆ. 1964–66ರ ಕೊಠಾರಿ ಆಯೋಗ ಇನ್ನೂ ಮುಂದೆ ಹೋಗಿ, ಹತ್ತನೇ ತರಗತಿ ದಾಟಿದವರಲ್ಲಿ ಅರ್ಧದಷ್ಟು ಜನ 1986ರ ಹೊತ್ತಿಗೆ ವೃತ್ತಿ ಶಿಕ್ಷಣದಲ್ಲಿರಬೇಕು ಎಂದಿತು. 1986 ಬಂತು. ಆ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿ ಗುರಿಯನ್ನು ಇಳಿಸಿ 1990ರೊಳಗೆ ಶೇ. 10, 1995ರೊಳಗೆ ಶೇ. 25 ಎಂದಿತು. 1992ರ ಪರಿಷ್ಕರಣೆಯಲ್ಲಿ ಅವೇ ಅಂಕಿಗಳನ್ನು ಐದೈದು ವರ್ಷ ಮುಂದಕ್ಕೆ ಹಾಕಿದರು. 2020ರ ನೀತಿ ಹಿಂತಿರುಗಿ ನೋಡಿ ಹೇಳಿದ್ದೇನು? ಹನ್ನೆರಡನೇ ಪಂಚವಾರ್ಷಿಕ ಯೋಜನೆಯ ಅಂದಾಜಿನಂತೆ 19ರಿಂದ 24 ವಯಸ್ಸಿನ ದುಡಿಯುವವರಲ್ಲಿ ಔಪಚಾರಿಕ ವೃತ್ತಿ ಶಿಕ್ಷಣ ಪಡೆದವರು ಭಾರತದಲ್ಲಿ ಶೇ. 5ಕ್ಕಿಂತ ಕಡಿಮೆ. ಜರ್ಮನಿಯಲ್ಲಿ ಶೇ. 75, ದಕ್ಷಿಣ ಕೊರಿಯಾದಲ್ಲಿ ಶೇ. 96.

ಕರ್ನಾಟಕ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾಯಿತು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ 1943ರಲ್ಲಿ ಔದ್ಯೋಗಿಕ ಸಂಸ್ಥೆಯಾಗಿ ಹುಟ್ಟಿತು. ಪಿಯು ಹಂತದಲ್ಲಿ ‘ಜಾಬ್ ಓರಿಯೆಂಟೆಡ್ ಕೋರ್ಸು’ಗಳು 1977–78ರಲ್ಲೇ ಬಂದವು. ಹಳೆಯ ಅಧ್ಯಾಪಕರಿಗೆ ಜೆಓಸಿ ಎಂದರೆ ಈಗಲೂ ನೆನಪಿದೆ. ರೇಷ್ಮೆಯಿಂದ ಹಿಡಿದು ಲ್ಯಾಬ್ ಟೆಕ್ನಿಷಿಯನ್ ಕೆಲಸದವರೆಗೆ ಏನೇನೋ ಕಲಿಸುತ್ತಿದ್ದರು. ಅರೆಕಾಲಿಕ ಬೋಧಕರು, ಸಾಲದ ಉಪಕರಣ, ಕಾಲೇಜಿನ ಮೂಲೆಯ ಒಂದು ಕೋಣೆ. ಕೊನೆಗೆ ಅವು ಒಂದೊಂದಾಗಿ ಮುಚ್ಚಿಹೋದವು.

ಇಷ್ಟೊಂದು ಸಲ ಸೋತದ್ದಕ್ಕೆ ಕಾರಣವನ್ನು 2020ರ ನೀತಿಯೇ ಒಪ್ಪಿಕೊಂಡಿದೆ. ವೃತ್ತಿ ವಿಷಯ ಓದಿ ಹನ್ನೆರಡನೇ ತರಗತಿ ಮುಗಿಸಿದವರಿಗೆ ಉನ್ನತ ಶಿಕ್ಷಣಕ್ಕೆ ಹೋಗುವ ಸ್ಪಷ್ಟ ದಾರಿ ಇರಲಿಲ್ಲ, ಪದವಿ ಕೋರ್ಸುಗಳ ಪ್ರವೇಶ ನಿಯಮಗಳು ಅವರನ್ನು ಗಮನದಲ್ಲಿಟ್ಟುಕೊಂಡು ಮಾಡಿದವಲ್ಲ. ಕೊಠಾರಿ ಆಯೋಗವೂ ಆಮೇಲಿನ ನೀತಿಗಳೂ ಎಷ್ಟು ಮಕ್ಕಳು ಈ ಕಡೆ ಬರಬೇಕು ಎಂದು ಶೇಕಡಾವಾರು ಬರೆದವು. ಬಂದವರು ಮುಂದೆ ಎಲ್ಲಿಗೆ ಹೋಗಬೇಕು ಎಂಬುದನ್ನು ಮಾತ್ರ ಗಟ್ಟಿಮಾಡಲಿಲ್ಲ.

ಇದಕ್ಕೆ ಎದುರು ನಿದರ್ಶನ ನಮ್ಮ ಡಿಪ್ಲೊಮಾ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಮೂರು ವರ್ಷ ಪಾಲಿಟೆಕ್ನಿಕ್, ಆಮೇಲೆ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದರೆ ನೇರ ಬಿ.ಇ. ಎರಡನೇ ವರ್ಷ. ಈ ದಾರಿ ಇರುವುದರಿಂದ ಡಿಪ್ಲೊಮಾಕ್ಕೆ ಸೇರುವುದನ್ನು ಯಾರೂ ಸೋಲು ಎಂದುಕೊಳ್ಳುವುದಿಲ್ಲ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಆರಂಭವಾದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದ (ಜಿಟಿಟಿಸಿ) ಟೂಲ್ ಅಂಡ್ ಡೈ ಮೇಕಿಂಗ್ ಕೋರ್ಸನ್ನೋ, ಬಿಡದಿಯಲ್ಲಿ 2007ರಲ್ಲಿ ಶುರುವಾದ ಟೊಯೋಟಾ ತರಬೇತಿ ಸಂಸ್ಥೆಯನ್ನೋ ನೋಡಿ. ಅಲ್ಲಿ ಎಸ್‌ಎಸ್‌ಎಲ್‌ಸಿ ಮಕ್ಕಳು ಸೀಟಿಗಾಗಿ ಪೈಪೋಟಿ ಮಾಡುತ್ತಾರೆ. ಕೈಕೆಲಸದ ಬಗ್ಗೆ ನಮ್ಮ ಜನಕ್ಕೆ ಹುಟ್ಟಾ ತಾತ್ಸಾರ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಎಚ್‌ಎಎಲ್, ದೂರವಾಣಿ ತಯಾರಿಸುವ ಐಟಿಐ ಕಾರ್ಖಾನೆ, ಎಚ್‌ಎಂಟಿ, ಬಿಇಎಲ್ ಇವೆಲ್ಲ 1940ರಿಂದ 1954ರ ನಡುವೆ ಬೆಂಗಳೂರಿಗೆ ಬಂದವು. ಫಿಟ್ಟರ್, ಟರ್ನರ್ ಕೆಲಸ ಕಲಿತವರು ಅಲ್ಲಿ ಅಪ್ರೆಂಟಿಸ್ ಆಗಿ ಸೇರಿ, ಖಾಯಂ ಆಗಿ, ಕ್ವಾರ್ಟರ್ಸು ಪಡೆದು, ಮಕ್ಕಳನ್ನು ಓದಿಸಿ ಮದುವೆ ಮಾಡಿದರು. ಆ ಕಾಲದಲ್ಲಿ ಐಟಿಐ ಸರ್ಟಿಫಿಕೇಟಿಗೆ ಮರ್ಯಾದೆ ಇತ್ತು. ಅದೇ ಕೆಲಸಕ್ಕೆ ಗುತ್ತಿಗೆದಾರನ ಮೂಲಕ ಹನ್ನೊಂದು ತಿಂಗಳಿಗೆ ಜನ ತೆಗೆದುಕೊಳ್ಳುವ ಪದ್ಧತಿ ಹಬ್ಬಿದ ಮೇಲೆ ಮರ್ಯಾದೆ ಇಳಿಯಿತು. ಕೆಲಸದ ಗೌರವ ಸಂಬಳದ ಚೀಟಿಯನ್ನು ಹಿಂಬಾಲಿಸುತ್ತದೆ. ವೃತ್ತಿ ಶಿಕ್ಷಣದ ಬಗ್ಗೆ ಭಾಷಣ ಮಾಡುವ ಸರ್ಕಾರಗಳು ಇದನ್ನು ಮರೆಯಬಾರದು.

೪. ಬುದ್ಧಿಯ ಕೆಲಸ ಯಾವುದು?

ಅಂಕದ ಏಣಿಯ ಹಿಂದೆ ಒಂದು ನಂಬಿಕೆ ಅಡಗಿದೆ. ಸೈನ್ಸಿಗೆ ತಲೆ ಬೇಕು, ಕಾಮರ್ಸಿಗೆ ಸ್ವಲ್ಪ ಕಡಿಮೆ ಸಾಕು, ಐಟಿಐಗೆ ಕೈ ಇದ್ದರೆ ಸಾಕು ಎಂಬ ನಂಬಿಕೆ. ಒಂದು ದಿನ ಯಾವುದಾದರೂ ಐಟಿಐಯ ಫಿಟ್ಟರ್ ವಿಭಾಗದಲ್ಲಿ ಹೋಗಿ ನಿಂತರೆ ಇದು ಬಿದ್ದುಹೋಗುತ್ತದೆ.

ಮೊದಲ ತಿಂಗಳುಗಳಲ್ಲಿ ಹುಡುಗನ ಕೈಗೆ ಒಂದು ಮೈಲ್ಡ್ ಸ್ಟೀಲ್ ತುಂಡು ಕೊಡುತ್ತಾರೆ. ಅದನ್ನು ಬೆಂಚ್ ವೈಸಿಗೆ ಬಿಗಿದು ಅರದಿಂದ ಉಜ್ಜಿ ಸಮತಟ್ಟು ಮಾಡಬೇಕು. ಅರ ತಳ್ಳುವಾಗ ಎರಡೂ ಕೈಯ ಭಾರ ಪ್ರತಿ ಅಂಗುಲಕ್ಕೂ ಬದಲಾಗುತ್ತಿರಬೇಕು, ಇಲ್ಲವಾದರೆ ತುಂಡಿನ ಅಂಚು ಇಳಿದು ನಡು ಉಬ್ಬುತ್ತದೆ. ಟ್ರೈ ಸ್ಕ್ವೇರನ್ನು ಮೇಲಿಟ್ಟು ಕಿಟಕಿಯ ಕಡೆ ಹಿಡಿದು ನೋಡುತ್ತಾನೆ. ಎಲ್ಲಿ ಬೆಳಕು ತೂರುತ್ತದೋ ಅಲ್ಲಿ ತಗ್ಗು, ಎಲ್ಲಿ ತೂರುವುದಿಲ್ಲವೋ ಅಲ್ಲಿ ಉಬ್ಬು. ಉಬ್ಬಿಗೆ ಸೀಮೆಸುಣ್ಣದ ಗುರುತು ಹಾಕಿ ಅಲ್ಲಿ ಮಾತ್ರ ಉಜ್ಜುತ್ತಾನೆ. ಆಮೇಲೆ ವರ್ನಿಯರ್ ಕ್ಯಾಲಿಪರಿನಲ್ಲಿ ಒಂದು ಮಿಲಿಮೀಟರಿನ ಐವತ್ತನೇ ಒಂದು ಪಾಲನ್ನು, ಅಂದರೆ 0.02 ಮಿ.ಮೀ. ಅನ್ನು ಓದುತ್ತಾನೆ. ಕೆಲವು ತಿಂಗಳಾದ ಮೇಲೆ ಒಂದರೊಳಗೊಂದು ಕೂರುವ ಎರಡು ತುಂಡು ಮಾಡಬೇಕು. ಸರಾಗವಾಗಿ ಜಾರಬೇಕು, ಅಲ್ಲಾಡಬಾರದು. ಲಂಬಕೋನ, ಸಮಾಂತರ, ದಶಾಂಶ ಎಲ್ಲವೂ ಇಲ್ಲಿ ಪಾಸು ಫೇಲಿನ ಪ್ರಶ್ನೆ. ಹತ್ತನೇ ತರಗತಿಯಲ್ಲಿ ರೇಖಾಗಣಿತ ತಲೆಗೆ ಹತ್ತದ ಎಷ್ಟೋ ಹುಡುಗರಿಗೆ ಅದು ಬೆರಳಿನ ಮೂಲಕ ಹತ್ತುತ್ತದೆ.

ಕಾಮರ್ಸ್ ತರಗತಿಗೂ ಒಮ್ಮೆ ಇಣುಕಿ. ಹುಡುಗಿಯ ತಾಳೆಪಟ್ಟಿ ಕೂಡುತ್ತಿಲ್ಲ. ಡೆಬಿಟ್ ಕಡೆಗೂ ಕ್ರೆಡಿಟ್ ಕಡೆಗೂ 900 ರೂಪಾಯಿ ವ್ಯತ್ಯಾಸ. ಚುರುಕಾದ ಮೇಷ್ಟ್ರು ಉತ್ತರ ಹೇಳಿಕೊಡುವುದಿಲ್ಲ, ‘ವ್ಯತ್ಯಾಸವನ್ನು 9ರಿಂದ ಭಾಗಿಸು’ ಎನ್ನುತ್ತಾರೆ. ಭಾಗವಾಯಿತು. ಹಾಗಾದರೆ ಎಲ್ಲೋ ಅಂಕಿ ಅದಲು ಬದಲಾಗಿರಬೇಕು. ಹುಡುಕಿದರೆ ಒಂದು ಖಾತೆಯಲ್ಲಿ 5,400 ಬರೆಯುವ ಕಡೆ 4,500 ಬರೆದಿದ್ದಾಳೆ. ಯಾಕೆ ಒಂಬತ್ತೇ ಆಗಬೇಕು ಎಂದು ಅವಳು ಕೇಳಿದರೆ, ದಶಮಾನ ಪದ್ಧತಿಯ ಒಳ್ಳೆಯ ಪಾಠವೊಂದು ಅಲ್ಲೇ ಶುರುವಾಗುತ್ತದೆ.

ಕಾಮರ್ಸನ್ನು ಎರಡನೇ ದರ್ಜೆ ಎಂದು ತಿಳಿದವರು ಅವಿಭಜಿತ ದಕ್ಷಿಣ ಕನ್ನಡವನ್ನು ನೆನೆಯಬೇಕು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು. 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಒಂದೇ ಜಿಲ್ಲೆ ಕಾಲು ಶತಮಾನದಲ್ಲಿ ಐದು ಬ್ಯಾಂಕು ಕಟ್ಟಿತು. ದಿನಕ್ಕೆ ಎರಡಾಣೆ ಮನೆ ಬಾಗಿಲಿಗೇ ಬಂದು ಸಂಗ್ರಹಿಸುವ ಪಿಗ್ಮಿ ಠೇವಣಿ 1928ರಲ್ಲಿ ಅಲ್ಲಿಂದಲೇ ಹೊರಟಿತು. ಲೆಕ್ಕಪತ್ರದ ಶಿಸ್ತು ಸಾಮಾನ್ಯರ ಬದುಕನ್ನು ಹೇಗೆ ಬದಲಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

೫. ಯಾವ ದಾರಿ ಎಲ್ಲಿಗೆ?

ಪೋಷಕರು ನನ್ನಿಂದ ನಿರೀಕ್ಷಿಸುವುದು ಈ ಭಾಗವನ್ನು, ಆದ್ದರಿಂದ ನೇರವಾಗಿ ಹೇಳುತ್ತೇನೆ.

ಎಂಜಿನಿಯರ್ ಆಗಬೇಕೆಂದಿದ್ದರೆ ಪಿಯುಸಿ ಒಂದೇ ದಾರಿಯಲ್ಲ. ಪಿಯುಸಿ ಎರಡು, ಬಿ.ಇ. ನಾಲ್ಕು, ಒಟ್ಟು ಆರು ವರ್ಷ. ಡಿಪ್ಲೊಮಾ ಮೂರು, ಬಿ.ಇ. ಉಳಿದ ಮೂರು, ಇದೂ ಆರೇ ವರ್ಷ. ಎರಡು ವರ್ಷದ ಐಟಿಐ ಮುಗಿಸಿದವರು ಸಂಬಂಧಪಟ್ಟ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಹಾಗೆ ಹೋದರೆ ಎರಡು, ಎರಡು, ಮೂರು, ಒಟ್ಟು ಏಳು. ಒಂದೇ ಒಂದು ವರ್ಷ ಹೆಚ್ಚು, ಅದೂ ನಡುವೆ ಎರಡು ಕಡೆ ನಿಂತು ದುಡಿಯುವ ಅವಕಾಶದ ಜೊತೆಗೆ. ಮನೆಯ ಪರಿಸ್ಥಿತಿ ಯಾವಾಗ ಕೈಕೊಡುತ್ತದೋ ಎಂಬ ಭಯವಿರುವ ಕುಟುಂಬಕ್ಕೆ ಈ ನಿಲ್ದಾಣಗಳು ದೊಡ್ಡ ಆಸರೆ. ತೊಡಕು ಇರುವುದು ಗಣಿತದಲ್ಲಿ. ನೇರ ಎರಡನೇ ವರ್ಷಕ್ಕೆ ಬಂದವರಿಗೆ ವಿಟಿಯು ಹೆಚ್ಚುವರಿ ಗಣಿತದ ಪತ್ರಿಕೆ ಇಟ್ಟಿತ್ತು. ಅನೇಕರು ಎಡವಿದ್ದು ಅಲ್ಲೇ. ಡಿಪ್ಲೊಮಾ ಸೇರುವ ಮಗು ಗಣಿತ ತಪ್ಪಿಸಿಕೊಂಡೆ ಎಂದುಕೊಳ್ಳಬಾರದು.

ಕಾಮರ್ಸ್ ಆರಿಸುವವರು ನಾಲ್ಕನೇ ವಿಷಯದ ಬಗ್ಗೆ ಎಚ್ಚರದಿಂದಿರಬೇಕು. ಲೆಕ್ಕಶಾಸ್ತ್ರ, ವ್ಯವಹಾರ ಅಧ್ಯಯನ, ಅರ್ಥಶಾಸ್ತ್ರದ ಜೊತೆ ಇತಿಹಾಸ ತೆಗೆದುಕೊಳ್ಳುವುದಕ್ಕೂ, ಸಂಖ್ಯಾಶಾಸ್ತ್ರ, ಬೇಸಿಕ್ ಮ್ಯಾಥ್ಸ್ ಅಥವಾ ಕಂಪ್ಯೂಟರ್ ವಿಜ್ಞಾನ ತೆಗೆದುಕೊಳ್ಳುವುದಕ್ಕೂ ಮುಂದೆ ವ್ಯತ್ಯಾಸವಾಗುತ್ತದೆ. ಸಿಎ ಫೌಂಡೇಷನ್, ಬಿಸಿಎ, ಅರ್ಥಶಾಸ್ತ್ರದ ಒಳ್ಳೆಯ ಪದವಿ ಇವುಗಳಲ್ಲೆಲ್ಲ ಗಣಿತ ಎದುರಾಗುತ್ತದೆ.

ಆರ್ಟ್ಸ್ ಬಗ್ಗೆ ನಮ್ಮಲ್ಲಿ ಹಬ್ಬಿರುವ ಕನಿಕರಕ್ಕೆ ಆಧಾರವಿಲ್ಲ. ಕೆಎಎಸ್, ಐಎಎಸ್ ಪರೀಕ್ಷೆಗೆ ಯಾವ ಪದವಿಯಾದರೂ ಸಾಕು. 1987ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರಾಷ್ಟ್ರೀಯ ಕಾನೂನು ಶಾಲೆ ಪಿಯುಸಿಯಲ್ಲಿ ಯಾವ ವಿಭಾಗ ಎಂದು ಕೇಳುವುದಿಲ್ಲ. ಆರ್ಟ್ಸ್ ಸೇರಿದ ಮಗುವಿಗೆ ಓದುವ, ಬರೆಯುವ ಅಭ್ಯಾಸವನ್ನು ಕಾಲೇಜು ಕೊಡುತ್ತಿದೆಯೋ ಇಲ್ಲವೋ ಎಂಬುದೇ ಕೇಳಬೇಕಾದ ಪ್ರಶ್ನೆ. ಕೃಷಿಯ ಕಡೆ ಒಲವಿರುವವರಿಗೆ ಎಸ್‌ಎಸ್‌ಎಲ್‌ಸಿ ಆದೊಡನೆ ಕೃಷಿ ವಿಶ್ವವಿದ್ಯಾಲಯಗಳು ಕನ್ನಡದಲ್ಲೇ ನಡೆಸುವ ಎರಡು ವರ್ಷದ ಡಿಪ್ಲೊಮಾ ಇದೆ. ಇದು ಇದೆ ಎಂಬುದೇ ಅನೇಕ ರೈತರಿಗೆ ತಿಳಿದಿಲ್ಲ.

ಆದ್ದರಿಂದ ಯಾವ ಕೋರ್ಸಿಗೆ ಸೇರಿಸುವ ಮುನ್ನವೂ ಕಾಲೇಜಿನವರನ್ನು ಕೆಲವು ಪ್ರಶ್ನೆ ಕೇಳಿ. ಇದಾದ ಮೇಲೆ ಓದು ಮುಂದುವರಿಸಬೇಕೆಂದರೆ ಎಲ್ಲಿಗೆ ಹೋಗಬಹುದು? ಓದು ನಿಲ್ಲಿಸಬೇಕಾಗಿ ಬಂದರೆ ಇದರಿಂದ ಕೆಲಸ ಸಿಗುತ್ತದೆಯೇ? ಮಗುವಿಗೆ ಒಗ್ಗದಿದ್ದರೆ ವರ್ಷ ಕಳೆದುಕೊಳ್ಳದೆ ಬದಲಿಸಬಹುದೇ? ಕಳೆದ ವರ್ಷ ನಿಮ್ಮಲ್ಲಿ ಸೇರಿದವರಲ್ಲಿ ಎಷ್ಟು ಜನ ಪಾಸಾದರು? ರ‍್ಯಾಂಕ್ ಬಂದ ಮೂವರ ಫೋಟೋ ಫ್ಲೆಕ್ಸಿನಲ್ಲಿ ನೋಡಿದ್ದೀರಿ. ಉಳಿದ ಮುನ್ನೂರು ಮಕ್ಕಳ ಲೆಕ್ಕ ಕೇಳುವ ಹಕ್ಕು ನಿಮಗಿದೆ.

೬. ಆಯ್ಕೆಯೇ ಇಲ್ಲದವರು

ಇಷ್ಟು ಹೊತ್ತು ಆಯ್ಕೆ ಇದೆ ಎಂದುಕೊಂಡು ಮಾತಾಡಿದೆ. ಆದರೆ ಹೋಬಳಿ ಕೇಂದ್ರದ ಎಷ್ಟೋ ಸರ್ಕಾರಿ ಪಿಯು ಕಾಲೇಜುಗಳಲ್ಲಿ ಇರುವುದು ಆರ್ಟ್ಸ್, ಹೆಚ್ಚೆಂದರೆ ಕಾಮರ್ಸ್. ಪ್ರಯೋಗಾಲಯವಿಲ್ಲ, ಭೌತಶಾಸ್ತ್ರದ ಉಪನ್ಯಾಸಕರಿಲ್ಲ, ಆದ್ದರಿಂದ ಸೈನ್ಸ್ ಇಲ್ಲ. ಸೈನ್ಸ್ ಬೇಕಾದರೆ ತಾಲ್ಲೂಕಿಗೋ ಜಿಲ್ಲೆಗೋ ಹೋಗಬೇಕು. ಹುಡುಗನಾದರೆ ಹಾಸ್ಟೆಲ್ ಹುಡುಕುತ್ತಾರೆ. ಹುಡುಗಿಯಾದರೆ ‘ಸಂಜೆ ಬಸ್ಸು ಎಷ್ಟು ಗಂಟೆಗೆ?’ ಎಂಬುದು ಅವಳ ವಿಷಯವನ್ನು ತೀರ್ಮಾನಿಸುತ್ತದೆ. 2023ರಲ್ಲಿ ಬಂದ ಶಕ್ತಿ ಯೋಜನೆಯಿಂದ ಟಿಕೆಟ್ಟಿನ ಖರ್ಚು ಉಳಿಯಿತು. ಆದರೆ ಬಸ್ಸೇ ಬರದ ಹಾದಿಗೆ ಉಚಿತ ಟಿಕೆಟ್ಟಿನಿಂದ ಪ್ರಯೋಜನವಿಲ್ಲ. ಐಟಿಐಗಳಲ್ಲಿ ಹುಡುಗಿಯರು ಕಡಿಮೆ ಇರುವುದನ್ನು ಅವರ ಅಭಿರುಚಿಯ ಲೆಕ್ಕಕ್ಕೆ ಬರೆಯುವ ಮೊದಲು, ಅಲ್ಲಿ ಶೌಚಾಲಯವಿದೆಯೇ, ಮಹಿಳಾ ಬೋಧಕರಿದ್ದಾರೆಯೇ ಎಂದು ಹೋಗಿ ನೋಡಬೇಕು.

ಸರ್ಕಾರಿ ಪ್ರೌಢಶಾಲೆಗಳಲ್ಲಿ ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಹೆಸರಿನಲ್ಲಿ ಒಂಬತ್ತನೇ ತರಗತಿಯಿಂದ ಆಟೊಮೊಬೈಲ್, ಐಟಿ, ರಿಟೇಲ್, ಬ್ಯೂಟಿ ಅಂಡ್ ವೆಲ್‌ನೆಸ್ ಮುಂತಾದವನ್ನು ಕೆಲವೆಡೆ ಕಲಿಸುತ್ತಿದ್ದಾರೆ. ಒಳ್ಳೆಯದೇ. ಆದರೆ ಅದೇ ವಿಷಯವನ್ನು ಪಿಯುಸಿಯಲ್ಲಿ ಮುಂದುವರಿಸಬಹುದಾದ ಕಾಲೇಜು ವಿರಳ. 1882ರಲ್ಲಿ ಆದ ತಪ್ಪು ಹೊಸ ಹೆಸರಿನಲ್ಲಿ ಮರಳುತ್ತಿದೆ.

೭. ಏನಾಗಬೇಕು?

ನನ್ನ ಸಲಹೆಗಳು ಕೆಲವೇ. ಒಂದೇ ತಾಲ್ಲೂಕಿನಲ್ಲಿ ಸರ್ಕಾರಿ ಪಿಯು ಕಾಲೇಜೂ ಇದೆ, ಸರ್ಕಾರಿ ಐಟಿಐಯೂ ಇದೆ. ಎರಡಕ್ಕೂ ಪರಸ್ಪರ ಪರಿಚಯವಿಲ್ಲ. 2022ರಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಸಾವಿರಾರು ಕೋಟಿ ರೂಪಾಯಿಯ ಹೊಸ ಯಂತ್ರಗಳು ಬಂದವು. ಪಿಯು ವಿದ್ಯಾರ್ಥಿ ತನ್ನ ನಾಲ್ಕು ಐಚ್ಛಿಕ ವಿಷಯಗಳಲ್ಲಿ ಒಂದನ್ನು ಆ ವರ್ಕ್‌ಶಾಪಿನಲ್ಲಿ ಕಲಿಯುವಂತಾಗಲಿ, ಅದರ ಅಂಕ 600ರಲ್ಲಿ ಸೇರಲಿ. ಐಟಿಐ ಹುಡುಗ ಪಿಯು ಕಾಲೇಜಿಗೆ ಬಂದು ಭಾಷೆ ಮತ್ತು ಗಣಿತ ಓದಿ ಪಿಯುಸಿಗೆ ಸಮನಾದ ಪ್ರಮಾಣಪತ್ರ ಪಡೆಯಲಿ. ಪ್ರಥಮ ಪಿಯುಸಿಯ ಮೊದಲ ಕೆಲವು ತಿಂಗಳಲ್ಲಿ ವಿಭಾಗ ಬದಲಿಸುವುದು ಶಿಫಾರಸಿಲ್ಲದೆ, ದಂಡವಿಲ್ಲದೆ ಸಾಧ್ಯವಾಗಲಿ. ಕಾಮರ್ಸ್, ಆರ್ಟ್ಸ್ ಓದಿದವರು ಬೇಸಿಗೆಯ ಸೇತುಬಂಧ ಕೋರ್ಸು ಮಾಡಿ ವಿಜ್ಞಾನದ ಕೆಲವು ಪದವಿಗಳಿಗೆ ಸೇರುವಂತಾಗಲಿ. ಇದು ಅಸಾಧ್ಯವೇನಲ್ಲ. ಪಿಯುಸಿಯಲ್ಲಿ ಜೀವಶಾಸ್ತ್ರ ಓದದವರು ಆಮೇಲೆ ಅದನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿ ನೀಟ್ ಬರೆಯಬಹುದು ಎಂದು ವೈದ್ಯಕೀಯ ಆಯೋಗವೇ 2023ರಲ್ಲಿ ಒಪ್ಪಿದೆ. ವೈದ್ಯಕೀಯಕ್ಕೆ ಆಗುವುದು ಬೇರೆಯದಕ್ಕೆ ಯಾಕಾಗದು?

ಪ್ರೌಢಶಾಲೆಯ ಮೇಷ್ಟ್ರುಗಳಿಗೂ ಒಂದು ಕೋರಿಕೆ. ಒಂಬತ್ತನೇ ತರಗತಿಯ ಮಕ್ಕಳನ್ನು ವರ್ಷಕ್ಕೊಮ್ಮೆ ಪ್ರವಾಸಕ್ಕೆ ಕರೆದುಕೊಂಡು ಹೋಗುತ್ತೀರಿ. ಅದರ ಜೊತೆಗೆ ಒಂದು ದಿನ ಐಟಿಐ, ಒಂದು ದಿನ ಬ್ಯಾಂಕು, ಒಂದು ದಿನ ತಾಲ್ಲೂಕು ಕೋರ್ಟು, ಒಂದು ದಿನ ಆಸ್ಪತ್ರೆಯ ಲ್ಯಾಬು ತೋರಿಸಿ. ನೋಡದೇ ಇರುವುದನ್ನು ಮಗು ಆರಿಸುವುದಾದರೂ ಹೇಗೆ?

ಹದಿನಾರನೇ ವಯಸ್ಸಿಗೆ ಸರಿಯಾದ ಆಯ್ಕೆ ಮಾಡು ಎಂದು ಮಕ್ಕಳ ಮೇಲೆ ಹೊರೆ ಹೊರಿಸುವುದನ್ನು ನಾವು ಬಿಡಬೇಕು. ಆ ವಯಸ್ಸಿನಲ್ಲಿ ಬಹಳ ಜನ ತಪ್ಪುವುದು ಸಹಜ. ತಪ್ಪಿದವರಿಗೆ ತಿದ್ದಿಕೊಳ್ಳುವ ಅವಕಾಶ ಇರುವಂತೆ ನೋಡಿಕೊಳ್ಳುವುದು ದೊಡ್ಡವರಾದ ನಮ್ಮ ಕೆಲಸ, ಸರ್ಕಾರದ ಕೆಲಸ. ಆ ಅವಕಾಶ ಎಲ್ಲ ವಿಭಾಗಗಳಲ್ಲೂ ಸಮನಾಗಿ ದೊರೆತ ವರ್ಷ, ಸೈನ್ಸಿನ ಕೌಂಟರಿನ ಮುಂದಿನ ಸಾಲು ತಾನಾಗಿ ಕರಗುತ್ತದೆ. ಸೈನ್ಸನ್ನು ನಿಜವಾಗಿ ಇಷ್ಟಪಡುವವರು ಮಾತ್ರ ಅಲ್ಲಿ ಉಳಿಯುತ್ತಾರೆ. ಅದರಿಂದ ಸೈನ್ಸಿಗೂ ಒಳ್ಳೆಯದೇ.